ಮೂತಿ ಎತ್ತಿದ ಟ್ರೈಲರ್

ವಾಡಿಯ ಸಿಮೆಂಟ್ ಕಾರ್ಖಾನೆಯ ಕಡೆ ಸರತಿಯಲ್ಲಿ ನಿಂತ ಬಲ್ಕರ್‌ಗಳನ್ನು ರಸ್ತೆಯ ಆಚೆ ಬದಿಯಿಂದ ನೋಡಬೇಕು. ಲಾರಿಯನ್ನಲ್ಲ, ಅದರ ಹಿಂದಿನ ಟ್ರೈಲರ್‌ನ ಚಾಸಿಸ್ ಗೆರೆಯನ್ನು. ಕೆಲವು ನೆಲಕ್ಕೆ ಸಮವಾಗಿರುತ್ತವೆ, ಕೆಲವು ಮೂತಿ ಎತ್ತಿರುತ್ತವೆ, ಇನ್ನು ಕೆಲವು ಮುಂದಕ್ಕೆ ಮುಗ್ಗರಿಸಿದಂತೆ ಬಾಗಿರುತ್ತವೆ. ಎಳೆಯುವ ಲಾರಿ ತಯಾರಾಗುವುದು ಒಂದು ಕಡೆ, ಟ್ರೈಲರ್ ಕಟ್ಟುವುದು ಇನ್ನೊಂದು ಕಡೆ. ಹಳೆಯ ಲಾರಿ ಮಾರಿ ಹೊಸದನ್ನು ತಂದರೆ ಟ್ರೈಲರ್ ಮಾತ್ರ ಹಳೆಯದೇ ಉಳಿಯುತ್ತದೆ. ಹೊಸ ಲಾರಿ ನಾಲ್ಕು ಇಂಚು ಎತ್ತರವಿದ್ದರೆ ಟ್ರೈಲರ್‌ನ ಮೂತಿಯೂ ಅಷ್ಟೇ ಮೇಲೇಳುತ್ತದೆ.

ಇದರಿಂದ ಏನಾಗುತ್ತದೆ? ಮೂತಿ ಮೇಲಿದ್ದರೆ ಭಾರವೆಲ್ಲ ಹಿಂದಕ್ಕೆ ಸರಿದು ಲಾರಿ ಹಗುರಾಗುತ್ತದೆ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಬೇರೆಯೇ ಸಂಗತಿ ಹೊರಬೀಳುತ್ತದೆ.

ಈ ಬಗೆಯ ಟ್ರೈಲರ್‌ಗೆ ಮುಂದಿನ ಗಾಲಿಗಳಿಲ್ಲ. ಅದರ ಮುಂಭಾಗ ಲಾರಿಯ ಬೆನ್ನ ಮೇಲಿರುವ ದಪ್ಪ ಕಬ್ಬಿಣದ ತಟ್ಟೆಯ ಮೇಲೆ ಕೂರುತ್ತದೆ. ಕುದುರೆ ಲಾಳದಂತೆ ಹಿಂದೆ ಬಾಯಿ ತೆರೆದ, ಗ್ರೀಸ್ ಬಳಿದ ಆ ತಟ್ಟೆಯೇ ಫಿಫ್ತ್ ವೀಲ್. ಟ್ರೈಲರ್‌ನ ಹೊಟ್ಟೆಯಿಂದ ಕೆಳಗಿಳಿದ ಕಿಂಗ್ ಪಿನ್ ಆ ಬಾಯಿಯೊಳಗೆ ಸೇರಿ, ತಟ್ಟೆಯ ಕೆಳಗಿನ ದವಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಈ ಪಿನ್ನಿಗೆ ಜಗತ್ತಿನಾದ್ಯಂತ ಎರಡೇ ಮುಖ್ಯ ಅಳತೆ: 50 ಮಿಲಿಮೀಟರ್ ಮತ್ತು 90 ಮಿಲಿಮೀಟರ್. ಇಷ್ಟು ದಪ್ಪದ ಒಂದು ಉಕ್ಕಿನ ಗೂಟವೇ ಮೂವತ್ತು ನಲವತ್ತು ಟನ್ನನ್ನು ಎಳೆದೊಯ್ಯುತ್ತದೆ.

ಎತ್ತಿನ ಗಾಡಿ ಹೂಡಿದವರಿಗೆ ಇದರ ಮೂಲತತ್ವ ಹೊಸದಲ್ಲ. ತೊಗರಿ ಚೀಲಗಳನ್ನು ಅಚ್ಚಿಗಿಂತ ಮುಂದೆ ಹೇರಿದರೆ ಗಾಡಿ ಮುಂಭಾರವಾಗಿ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ತೀರಾ ಹಿಂದೆ ಹೇರಿದರೆ ಹಿಂಭಾರವಾಗಿ ನೊಗವೇ ಮೇಲೆದ್ದು ಜತ್ತಿಗೆ ಕೊರಳನ್ನು ಬಿಗಿಯುತ್ತದೆ. ಅಚ್ಚೇ ಆಧಾರ, ಮೂಕಿಯೇ ಸನ್ನೆಗೋಲು. ಟ್ರೈಲರ್‌ನಲ್ಲಿ ಎತ್ತಿನ ಹೆಗಲಿನ ಜಾಗದಲ್ಲಿ ಫಿಫ್ತ್ ವೀಲ್ ಇದೆ.

ಕಿಂಗ್ ಪಿನ್ನಿನಿಂದ ಹಿಂದಿನ ಗಾಲಿಗಳ ನಡುಬಿಂದುವಿಗೆ 8 ಮೀಟರ್ ದೂರವಿದೆ, ಸರಕೂ ಸೇರಿ ಟ್ರೈಲರ್‌ನ ತೂಕ 40 ಟನ್ ಇದೆ ಎಂದುಕೊಳ್ಳಿ. ಆ ಭಾರದ ಕೇಂದ್ರ ಅಚ್ಚಿನ ಮಟ್ಟಕ್ಕಿಂತ 1.2 ಮೀಟರ್ ಮೇಲಿರಲಿ. ಈಗ ಮೂತಿಯನ್ನು 10 ಸೆಂಟಿಮೀಟರ್ ಎತ್ತೋಣ. ಟ್ರೈಲರ್ ಎಂಬತ್ತಕ್ಕೆ ಒಂದರಂತೆ ಓರೆಯಾಗುತ್ತದೆ. ಭಾರಕೇಂದ್ರ ಹಿಂದಕ್ಕೆ ಸರಿಯುವುದು ಒಂದೂವರೆ ಸೆಂಟಿಮೀಟರ್ ಮಾತ್ರ. ಪಿನ್ನಿನ ಮೇಲಿನ ಭಾರದಲ್ಲಿ ಇಳಿಯುವುದು ಹೆಚ್ಚೆಂದರೆ 75 ಕೆಜಿ. ನಲವತ್ತು ಟನ್ನಿನಲ್ಲಿ ಎಪ್ಪತ್ತೈದು ಕೆಜಿ! ಕ್ಲೀನರ್ ಒಬ್ಬ ಕ್ಯಾಬಿನ್ನಿನಿಂದ ಇಳಿದು ಹೋದರೂ ಹೆಚ್ಚುಕಡಿಮೆ ಇಷ್ಟೇ ವ್ಯತ್ಯಾಸ.

ಇದಕ್ಕೆ ಹೋಲಿಸಿದರೆ ಹಮಾಲರು ಚೀಲ ಜೋಡಿಸುವ ರೀತಿ ಎಷ್ಟೋ ಪಾಲು ದೊಡ್ಡದು. 50 ಕೆಜಿಯ 600 ಚೀಲ, ಅಂದರೆ 30 ಟನ್ ಸಿಮೆಂಟನ್ನು ಒಂದೇ ಒಂದು ಅಡಿ ಹಿಂದಕ್ಕೆ ಪೇರಿಸಿದರೆ ಲಾರಿಯ ಬೆನ್ನಿನಿಂದ 1,100 ಕೆಜಿಗೂ ಹೆಚ್ಚು ಭಾರ ಇಳಿದು ಹಿಂದಿನ ಗಾಲಿಗಳಿಗೆ ಹೋಗುತ್ತದೆ. ಶಹಾಬಾದ್ ಕಲ್ಲಿನ ವಿಷಯದಲ್ಲಿ ಓರೆಯ ಪರಿಣಾಮ ಇನ್ನೂ ಕಡಿಮೆ. ಎರಡಡಿ ಚೌಕದ, ಒಂದಿಂಚು ದಪ್ಪದ ಫರ್ಸಿ ಒಂದೇ ಸುಮಾರು 25 ಕೆಜಿ ತೂಗುತ್ತದೆ. ಗಾಡಿ ಅರ್ಧ ಖಾಲಿ ಕಾಣುವಾಗಲೇ ಹೊರೆ ಪೂರ್ತಿಯಾಗಿರುತ್ತದೆ, ಭಾರಕೇಂದ್ರ ತಳಕ್ಕೆ ಅಂಟಿಕೊಂಡಿರುತ್ತದೆ. ಹತ್ತಿ, ಹೊಟ್ಟು ಹೇರಿದ ಗಾಡಿಯದು ಇದಕ್ಕೆ ತದ್ವಿರುದ್ಧ.

ಹಾಗಿದ್ದರೆ ಮೂತಿ ಎತ್ತಿದರೆ ಏನೂ ತೊಂದರೆಯಿಲ್ಲವೇ? ಇದೆ. ಅದು ಲಾರಿಗೂ ಟ್ರೈಲರ್‌ಗೂ ನಡುವೆ ಇರುವುದಲ್ಲ, ಟ್ರೈಲರ್‌ನ ಅಚ್ಚುಗಳ ಒಳಜಗಳ. ಹಿಂದೆ ಮೂರು ಅಚ್ಚುಗಳಿವೆ, ಒಂದಕ್ಕೊಂದು 1.3 ಮೀಟರ್ ಅಂತರ. ಚಾಸಿಸ್ ಎಂಬತ್ತಕ್ಕೆ ಒಂದರಂತೆ ಓರೆಯಾದಾಗ ನಡುವಿನ ಅಚ್ಚಿಗಿಂತ ಮೊದಲನೆಯದರ ಮೇಲಿನ ಚಾಸಿಸ್ 16 ಮಿಲಿಮೀಟರ್ ಮೇಲೇಳುತ್ತದೆ, ಕೊನೆಯದರ ಮೇಲೆ ಅಷ್ಟೇ ಕೆಳಗಿಳಿಯುತ್ತದೆ. ಒಂದು ಟನ್ನಿಗೆ ಒಂದು ಸೆಂಟಿಮೀಟರ್ ಕುಗ್ಗುವ ಪ್ಲೇಟ್ ಸ್ಪ್ರಿಂಗುಗಳು, ಪ್ರತಿ ಅಚ್ಚಿನದೂ ಬೇರೆ ಬೇರೆ, ಎಂದಿಟ್ಟುಕೊಂಡರೆ ತಲಾ 8 ಟನ್ ಹೊರಬೇಕಿದ್ದ ಅಚ್ಚುಗಳು ಈಗ 6.4, 8 ಮತ್ತು 9.6 ಟನ್ ಹೊರುತ್ತವೆ. ಒಟ್ಟು ಅದೇ 24 ಟನ್. 2018ರಲ್ಲಿ ಕೇಂದ್ರ ಸರ್ಕಾರ ಮೂರು ಅಚ್ಚಿನ ಗುಂಪಿಗೆ ಮಿತಿಯನ್ನು 24ರಿಂದ 27 ಟನ್ನಿಗೆ ಏರಿಸಿತು, ಅಂದರೆ ಸರಾಸರಿ ಅಚ್ಚಿಗೆ 9. ಗುಂಪಿನ ತೂಕ ಮಿತಿಯೊಳಗೇ ಇದೆ, ಕೊನೆಯ ಅಚ್ಚು ಮಾತ್ರ ಆ ಸರಾಸರಿಯನ್ನು ದಾಟಿದೆ. ಇಡೀ ಗಾಡಿಯನ್ನು ಒಮ್ಮೆಗೇ ತೂಗುವ ಕಾಟಾದಲ್ಲಿ ಇದು ಕಾಣುವುದಿಲ್ಲ. ಹಿಂದಿನ ಟೈರುಗಳು ಬೇಗ ಸವೆಯುವುದರಲ್ಲಿ, ಕೊನೆಯ ಸ್ಪ್ರಿಂಗಿನ ಪ್ಲೇಟು ಮತ್ತೆ ಮತ್ತೆ ಮುರಿಯುವುದರಲ್ಲಿ ಕಾಣುತ್ತದೆ.

ರಸ್ತೆಗೂ ಕಾಣುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಬಳಿ 1958ರಿಂದ 1960ರವರೆಗೆ ಪ್ರಯೋಗಕ್ಕೆಂದೇ ಹಾಕಿದ ರಸ್ತೆಗಳ ಮೇಲೆ ಲಾರಿಗಳನ್ನು ಸತತವಾಗಿ ಓಡಿಸಿ ನೋಡಿದರು. ಅಚ್ಚಿನ ಭಾರದ ಸುಮಾರು ನಾಲ್ಕನೇ ಘಾತದಷ್ಟು ರಸ್ತೆ ಹಾಳಾಗುತ್ತದೆ ಎಂಬ ಸೂತ್ರ ಹುಟ್ಟಿದ್ದು ಅಲ್ಲಿಂದ. ಶೇಕಡ 10 ಹೆಚ್ಚು ಭಾರಕ್ಕೆ ಶೇಕಡ 46 ಹೆಚ್ಚು ಹಾನಿ. ನಮ್ಮ ಲೆಕ್ಕದ ಕೊನೆಯ ಅಚ್ಚು ಶೇಕಡ 20 ಹೆಚ್ಚು ಹೊತ್ತಿದೆ, ಆದ್ದರಿಂದ ಹಾನಿ ಎರಡು ಪಟ್ಟಿಗೂ ತುಸು ಮೇಲೆ. ಕಪ್ಪು ಮಣ್ಣಿನ ಮೇಲೆ ಹಾಸಿದ ಡಾಂಬರು ಮಳೆಗಾಲದಲ್ಲಿ ಮೊದಲೇ ಸಡಿಲವಾಗಿರುತ್ತದೆ, ಅದಕ್ಕೆ ಇಷ್ಟು ಸಾಕು.

ಜಾಣ ಕಮ್ಮಾರರು ಇದಕ್ಕೊಂದು ಪರಿಹಾರ ಕಂಡುಕೊಂಡಿದ್ದಾರೆ. ಒಂದು ಸ್ಪ್ರಿಂಗಿನ ಹಿಂದಿನ ತುದಿಗೂ ಅದರ ಹಿಂದಿರುವ ಸ್ಪ್ರಿಂಗಿನ ಮುಂದಿನ ತುದಿಗೂ ನಡುವೆ ತೂಗುಯ್ಯಾಲೆಯಂತೆ ಆಡುವ ತೋಳನ್ನು ಕೂರಿಸುತ್ತಾರೆ. ಈಕ್ವಲೈಸರ್ ಎನ್ನುವ ಈ ತೋಳು ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ, ಭಾರ ತಾನಾಗಿ ಹಂಚಿಹೋಗುತ್ತದೆ. ಗಾಳಿ ಸಸ್ಪೆನ್ಷನ್ ಇರುವ ಗಾಡಿಗಳಲ್ಲಿ ಎಲ್ಲ ಗಾಳಿಚೀಲಗಳಿಗೂ ಒಂದೇ ಕೊಳವೆಯ ಸಂಪರ್ಕ, ಒಂದೇ ಒತ್ತಡ. ಇಂಥ ಏರ್ಪಾಡಿದ್ದರೆ ಒಂದೆರಡು ಇಂಚಿನ ಓರೆ ಲೆಕ್ಕಕ್ಕಿಲ್ಲ. ಆದರೆ ತೋಳಿನ ಆಟಕ್ಕೂ ಮಿತಿಯಿದೆ. ಮೂತಿ ಬಹಳ ಎತ್ತಿದ್ದರೆ ಆ ಆಟದ ಬಹುಪಾಲು ನಿಂತಲ್ಲೇ ಖರ್ಚಾಗುತ್ತದೆ, ಗುಂಡಿಗೆ ಬಿದ್ದಾಗ ಉಳಿಯುವುದು ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು.

ಕಲ್ಲು ಗಣಿಗಳ ಕಡೆ ಟ್ರ್ಯಾಕ್ಟರಿನ ಕಥೆ ಬೇರೆ, ನನ್ನ ದೃಷ್ಟಿಯಲ್ಲಿ ಹೆಚ್ಚು ಆತಂಕದ್ದೂ ಅದೇ. ಫಿಫ್ತ್ ವೀಲ್ ಲಾರಿಯ ಹಿಂದಿನ ಅಚ್ಚಿನ ಮೇಲೆ, ಸಾಮಾನ್ಯವಾಗಿ ತುಸು ಮುಂದೆಯೇ ಇರುತ್ತದೆ. ಅದರ ಮೇಲೆ ಬಿದ್ದ ಭಾರ ಮುಂದಿನ ಗಾಲಿಗಳನ್ನೂ ನೆಲಕ್ಕೆ ಒತ್ತುತ್ತದೆ. ಟ್ರ್ಯಾಕ್ಟರಿನ ಹುಕ್ ಹಿಂದಿನ ಅಚ್ಚಿಗಿಂತ ಹಿಂದೆ. ಅಲ್ಲಿ ಬಿದ್ದ ಭಾರ ಮುಂದಿನ ಗಾಲಿಗಳನ್ನು ಎತ್ತುತ್ತದೆ. 2,000 ಕೆಜಿಯ ಟ್ರ್ಯಾಕ್ಟರಿನಲ್ಲಿ ಮುಂದಿನ ಗಾಲಿಗಳ ಪಾಲು 800 ಕೆಜಿ, ಗಾಲಿಗಳ ನಡುವಿನ ಅಂತರ 2 ಮೀಟರ್ ಎನ್ನಿ. ಒಂದೇ ಅಚ್ಚಿನ ಟ್ರಾಲಿಯ ಮೂತಿ ಹುಕ್ಕಿನ ಮೇಲೆ 1,000 ಕೆಜಿ ಹಾಕಿದರೆ, ಹುಕ್ ಅಚ್ಚಿನಿಂದ 60 ಸೆಂಟಿಮೀಟರ್ ಹಿಂದಿದ್ದರೆ, ಮುಂದಿನ ಪಾಲಿನಲ್ಲಿ 300 ಕೆಜಿ ಅಲ್ಲೇ ಹೋಯಿತು. ಗಣಿಯ ಕುಳಿಯಿಂದ ಹತ್ತಕ್ಕೆ ಒಂದರ ಏರು ಹತ್ತುವಾಗ 5 ಟನ್ನಿನ ಟ್ರಾಲಿ, ನೆಲದ ಒರಟುತನವೂ ಸೇರಿ, 700 ಕೆಜಿಯಷ್ಟು ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಹುಕ್ ನೆಲದಿಂದ 50 ಸೆಂಟಿಮೀಟರ್ ಇದ್ದರೆ ಇದರಿಂದ ಇನ್ನೂ 175 ಕೆಜಿ ಖೋತಾ. ಟ್ರ್ಯಾಕ್ಟರ್ ತಾನೇ ಓರೆ ನಿಂತದ್ದರಿಂದ ಎಪ್ಪತ್ತರಷ್ಟು. ಉಳಿದದ್ದು 255 ಕೆಜಿ. ಸ್ಟಿಯರಿಂಗ್ ಹಿಡಿತದಲ್ಲಿರಬೇಕಾದರೆ ಟ್ರ್ಯಾಕ್ಟರಿನ ತೂಕದ ಐದರಲ್ಲೊಂದು ಪಾಲಾದರೂ, ಇಲ್ಲಿ 400 ಕೆಜಿ, ಮುಂದೆ ಇರಬೇಕೆಂಬುದು ಎಂಜಿನಿಯರುಗಳ ರೂಢಿ ಲೆಕ್ಕ.

ಈಗ ಟ್ರಾಲಿ ಸಮವಾಗಿ ಕಾಣಲಿ ಎಂದು ಹುಕ್ಕನ್ನು 80 ಸೆಂಟಿಮೀಟರಿಗೆ ಏರಿಸಿ ಕಟ್ಟಿದರೆ? ಜಗ್ಗುವಿಕೆಯಿಂದ ಆಗುವ ಖೋತಾ 175ರಿಂದ 280ಕ್ಕೆ ಏರಿ, ಉಳಿಯುವುದು 150 ಕೆಜಿ. ಕ್ಲಚ್ ಒಮ್ಮೆಗೇ ಬಿಟ್ಟರೆ ಅದೂ ಹೋಗಿ ಮೂತಿ ಆಕಾಶಕ್ಕೆ. ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಚಾಲಕರು ಸಾಯುವುದು ಹೀಗೆಯೇ. ಆದ್ದರಿಂದ ಟ್ರ್ಯಾಕ್ಟರಿನಲ್ಲಿ ಹುಕ್ಕನ್ನು ಏರಿಸಿ ಟ್ರಾಲಿಯನ್ನು ಸಮ ಮಾಡುವುದು ತಪ್ಪು ದಾರಿ. ಟ್ರಾಲಿಯ ಮೂಕಿಯನ್ನೇ ಬಗ್ಗಿಸಿ ಕೆಳಗಿನ ಹುಕ್ಕಿಗೆ ಹೊಂದಿಸಬೇಕು, ಟ್ರ್ಯಾಕ್ಟರಿನ ಮುಂದೆ ಕಬ್ಬಿಣದ ತೂಕ ಕಟ್ಟಬೇಕು. ಮುಂದಿನ ಬಂಪರಿನ ಮೇಲೆ ಇಬ್ಬರು ಹುಡುಗರನ್ನು ನಿಲ್ಲಿಸುವುದು ಪರಿಹಾರವಲ್ಲ.

ಮತ್ತೆ ಲಾರಿಗೆ ಬರೋಣ. ಟ್ರೈಲರ್‌ನ ಮೂತಿಯನ್ನು ಬೆನ್ನ ಮೇಲೆ ಹೊತ್ತು ಎಳೆಯುವ ಉಪಾಯ ಮೋಟಾರು ಯುಗದಲ್ಲಿ ಬೇರೂರಿದ್ದು 1914ರ ಸುಮಾರಿಗೆ. ಡೆಟ್ರಾಯ್ಟಿನ ಮರದ ವ್ಯಾಪಾರಿ ಫ್ರೆಡೆರಿಕ್ ಸಿಬ್ಲಿಗೆ ತನ್ನ ದೋಣಿಯನ್ನು ಫೋರ್ಡ್ ಮಾಡೆಲ್ ಟಿ ಕಾರಿನ ಹಿಂದೆ ಒಯ್ಯಬೇಕಿತ್ತು. ಆಗಸ್ಟ್ ಫ್ರೂಹಾಫ್ ಎಂಬ ಕಮ್ಮಾರ ಅದಕ್ಕೊಂದು ಟ್ರೈಲರ್ ಮಾಡಿಕೊಟ್ಟ. ದೋಣಿಯಾದ ಮೇಲೆ ಮರ ಸಾಗಿಸಲೂ ಅಂಥದ್ದು ಬೇಕೆಂದ ಸಿಬ್ಲಿ. ಅಲ್ಲಿಂದ ದೊಡ್ಡ ಉದ್ಯಮವೇ ಬೆಳೆಯಿತು.

ಲಾರಿಗೂ ಟ್ರೈಲರ್‌ಗೂ ಎತ್ತರ ಹೊಂದದಿರುವುದರ ಅತಿ ದೊಡ್ಡ ಅಪಾಯ ಮಾತ್ರ ಓಡುವಾಗಿನದಲ್ಲ, ಜೋಡಿಸುವಾಗಿನದು. ಲಾರಿ ಬಿಡಿಸಿಕೊಂಡು ಹೋದ ಮೇಲೆ ಟ್ರೈಲರ್ ತನ್ನ ಮುಂದಿನ ಎರಡು ಕಾಲುಗಳ ಮೇಲೆ ನಿಂತಿರುತ್ತದೆ. ಹ್ಯಾಂಡಲ್ ತಿರುಗಿಸಿ ಆ ಕಾಲುಗಳನ್ನು ಏರಿಸಬಹುದು, ಇಳಿಸಬಹುದು. ಮುಂದೆ ಬರುವ ಲಾರಿ ತಗ್ಗಾಗಿದ್ದು ಟ್ರೈಲರ್ ಎತ್ತರದಲ್ಲಿದ್ದರೆ, ಲಾರಿ ಹಿಂದಕ್ಕೆ ಬಂದಾಗ ಪಿನ್ ದವಡೆಗಳ ನಡುವೆ ಇಳಿಯದೆ ಮೇಲೆಯೇ ಉಳಿಯುತ್ತದೆ. ಪಿನ್ನಿಗೆ ನಡುವೆ ಸಪೂರ ಕುತ್ತಿಗೆ, ತುದಿಯಲ್ಲಿ ಅಗಲ ತಲೆ. ದವಡೆಗಳು ಕುತ್ತಿಗೆಯನ್ನು ಹಿಡಿಯಬೇಕು. ಎತ್ತರ ತಪ್ಪಿದರೆ ತಲೆ ದವಡೆಯ ಮೇಲೆ ಸುಮ್ಮನೆ ಕೂರುತ್ತದೆ, ‘ಖಟ್’ ಎಂಬ ಸದ್ದೂ ಬರಬಹುದು. ಚಾಲಕ ಜೋಡಣೆಯಾಯಿತೆಂದು ಹೊರಡುತ್ತಾನೆ. ತಿರುವಿನಲ್ಲೋ ರೈಲ್ವೆ ಗೇಟಿನ ಉಬ್ಬಿನಲ್ಲೋ ಟ್ರೈಲರ್ ಕಳಚಿಕೊಳ್ಳುತ್ತದೆ.

ಅನುಭವಿ ಚಾಲಕರ ಕ್ರಮ ಸರಳ. ಟ್ರೈಲರ್‌ನ ಮೂತಿಯನ್ನು ತಟ್ಟೆಗಿಂತ ಒಂದಿಷ್ಟು ತಗ್ಗಿಗೇ ಇಡುತ್ತಾರೆ. ಲಾರಿ ಹಿಂದೆ ಬರುತ್ತ ಅದನ್ನು ತಟ್ಟೆಯ ಓರೆಯಿಂದ ಎತ್ತಿಕೊಳ್ಳುತ್ತದೆ, ಪಿನ್ ನೇರ ದವಡೆಗೆ ಹೋಗುತ್ತದೆ. ಆಮೇಲೆ ಇಳಿದು, ಬ್ಯಾಟರಿ ಹಿಡಿದು, ತಟ್ಟೆಗೂ ಟ್ರೈಲರ್‌ನ ತಳಕ್ಕೂ ನಡುವೆ ಬೆಳಕು ಕಾಣುತ್ತದೆಯೇ ಎಂದು ನೋಡುತ್ತಾರೆ. ಕಾಣಬಾರದು. ಕಾಲುಗಳನ್ನು ಎತ್ತುವ ಮೊದಲು ಟ್ರೈಲರ್‌ನ ಬ್ರೇಕ್ ಹಾಕಿಟ್ಟು ಕೆಳಗಿನ ಗೇರಿನಲ್ಲಿ ಲಾರಿಯನ್ನು ಮುಂದಕ್ಕೆ ಜಗ್ಗಿ ನೋಡುತ್ತಾರೆ. ಕಾಗದ ಪತ್ರಕ್ಕೆ ಓಡಾಡುವ ಹೊತ್ತಿಗಿಂತ ಬಹಳ ಕಡಿಮೆ ಹೊತ್ತಿನ ಕೆಲಸ.

ಹಾಗಾದರೆ ಎತ್ತರದ ಲಾರಿ ಕೊಂಡವರು ಯಾವ ತುದಿಯನ್ನು ತಿದ್ದಬೇಕು? ಅಮೆರಿಕದಲ್ಲಿ ಪಿಕಪ್ ಹಿಂದೆ ಮನೆಯಂಥ ಟ್ರೈಲರ್ ಕಟ್ಟಿಕೊಂಡು ತಿರುಗುವವರಿಗೂ ಇದೇ ಪ್ರಶ್ನೆ, ಅಲ್ಲಿನ ಪಿಕಪ್‌ಗಳು ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಿವೆ. ತಟ್ಟೆಯನ್ನು ತಗ್ಗಿಸಬಹುದು, ಆದರೆ ಪಿಕಪ್ಪಿನ ಪಕ್ಕದ ಗೋಡೆಗೂ ಟ್ರೈಲರ್‌ನ ತಳಕ್ಕೂ ಐದಾರು ಇಂಚು ಅಂತರ ಬೇಕೇ ಬೇಕು, ಇಲ್ಲದಿದ್ದರೆ ಉಬ್ಬು ದಾಟುವಾಗ ಎರಡೂ ಬಡಿದುಕೊಳ್ಳುತ್ತವೆ. ಅದಕ್ಕೇ ಹಲವರು ಟ್ರೈಲರನ್ನೇ ಏರಿಸುತ್ತಾರೆ: ಸ್ಪ್ರಿಂಗಿನ ಮೇಲಿದ್ದ ಅಚ್ಚನ್ನು ಸ್ಪ್ರಿಂಗಿನ ಕೆಳಗೆ ಕಟ್ಟಿದರೆ ನಾಲ್ಕೈದು ಇಂಚು ಸಿಗುತ್ತದೆ. ಬೆಲೆಯಾಗಿ ಭಾರಕೇಂದ್ರವೂ ಅಷ್ಟೇ ಏರುತ್ತದೆ, ತಿರುವಿನಲ್ಲಿ ಮಗುಚುವ ವೇಗ ತುಸು ಇಳಿಯುತ್ತದೆ. ನಮ್ಮ ಟ್ರೈಲರ್‌ಗಳಲ್ಲಿ ಸ್ಪ್ರಿಂಗಿನ ಹ್ಯಾಂಗರ್ ಬದಲಿಸಿದರೂ ಫಲ ಅದೇ. ಯಾವುದನ್ನೇ ಮಾಡಿ, ಅಳತೆ ತೆಗೆಯುವುದು ಹೊರೆ ಹೇರಿದ ಮೇಲೆ, ಟೈರಿಗೆ ಸರಿಯಾದ ಗಾಳಿಯಿದ್ದಾಗ, ಸಮ ನೆಲದ ಮೇಲೆ. ಖಾಲಿ ಲಾರಿ ಎತ್ತರವಾಗಿ ತೋರುತ್ತದೆ, ಹೊರೆ ಬಿದ್ದಾಗ ಸ್ಪ್ರಿಂಗುಗಳು ಕುಗ್ಗಿ ಓರೆ ತಾನೇ ಮಾಯವಾಗಬಹುದು.

ಈ ಗೊಂದಲವನ್ನು ರೈಲು ಬಹಳ ಹಿಂದೆಯೇ ದಾಟಿತು. ಸಿಕಂದರಾಬಾದಿನಿಂದ ಬಂದ ನಿಜಾಮರ ರೈಲುಮಾರ್ಗ ಮುಂಬೈ ಕಡೆಯ ಮಾರ್ಗವನ್ನು ವಾಡಿಯಲ್ಲಿ ಕೂಡಿಕೊಂಡದ್ದು 1874ರಲ್ಲಿ. ಬೇರೆ ಬೇರೆ ಕಂಪನಿಗಳ ಗಾಡಿಗಳು ಒಂದಕ್ಕೊಂದು ಕೊಂಡಿ ಹಾಕಬೇಕಾದರೆ ಎತ್ತರದಲ್ಲಿ ಒಪ್ಪಂದ ಅನಿವಾರ್ಯ. ಇಂದು ಭಾರತದ ಬ್ರಾಡ್‌ಗೇಜ್ ಹಳಿಯ ಮೇಲೆ ಖಾಲಿ ಗಾಡಿಯ ಕೊಂಡಿ 1105 ಮಿಲಿಮೀಟರಿಗಿಂತ ಮೇಲಿರಬಾರದು, ತುಂಬಿದ ಗಾಡಿಯದು 1030ಕ್ಕಿಂತ ಕೆಳಗಿಳಿಯಬಾರದು. ಸ್ಪ್ರಿಂಗಿನ ಕುಗ್ಗುವಿಕೆಗೂ ಗಾಲಿಯ ಸವೆತಕ್ಕೂ ಸೇರಿ ಸಿಗುವುದು 75 ಮಿಲಿಮೀಟರ್, ಮೂರು ಇಂಚು. ಗಾಲಿ ಸವೆದು ಬೋಗಿ ತಗ್ಗಾದಾಗ ಅದರಡಿ ಪ್ಯಾಕಿಂಗ್ ತುಂಡು ಸೇರಿಸಿ ಮತ್ತೆ ಆ ಮಿತಿಯೊಳಕ್ಕೆ ತರುತ್ತಾರೆ. ಅದೇ ವಾಡಿಯಲ್ಲಿ, ಹಳಿಯ ಆಚೆ ಬದಿಯ ರಸ್ತೆಯಲ್ಲಿ ಟ್ರಾಲಿ ಕಟ್ಟುವವರು ಹುಕ್ಕಿನ ತೂತನ್ನು ಗಿರಾಕಿಯ ಟ್ರ್ಯಾಕ್ಟರ್ ನೋಡಿಯೇ ಕೊರೆಯಬೇಕು.