ನಾಯಿಯೂ ಬರಲಿ, ಸೀಟೂ ಉಳಿಯಲಿ

ದಸರಾ ರಜೆ ಹತ್ತಿರ ಬಂತು. ಊರಿಗೆ ಹೊರಡುವ ದಿನ ಗೊತ್ತಾಯಿತು, ಮಕ್ಕಳ ಬಟ್ಟೆಗಳು ಬ್ಯಾಗು ಸೇರಿದವು. ಆಗ ಶುರುವಾಗುತ್ತದೆ ನೋಡಿ, ನಾಯಿ ಸಾಕಿದ ಮನೆಗಳ ಮಾಮೂಲಿ ಚರ್ಚೆ.

‘ಟಾಮೀನ ಏನ್ಮಾಡೋದು?’

‘ನಮ್ಜೊತೆ ಬರ್ಲಿ ಅಪ್ಪಾ, ಪ್ಲೀಸ್...’

‘ಹೋದ್ಸಲ ಸೀಟು ಏನಾಗಿತ್ತು ನೆನಪಿದ್ಯಾ? ಕರ್ಕೊಂಡ್ ಬನ್ನಿ, ಆದ್ರೆ ತೊಳೆಯೋಳು ನಿಮ್ಮಮ್ಮ!’

ಅಲ್ಲಿಗೆ ಮುಗಿಯಿತು. ಅಮ್ಮನೂ ಬಾಯಿ ಮುಚ್ಚಿಕೊಳ್ಳುತ್ತಾಳೆ. ಯಾಕೆಂದರೆ ತೊಳೆಯುವವಳು ಅವಳೇ ಎನ್ನುವುದು ಸುಳ್ಳಲ್ಲವಲ್ಲ! ಹೀಗಾಗಿ ಟಾಮಿ ಎಂಟು ದಿನ ಸರಪಳಿಯಲ್ಲಿ. ಪಕ್ಕದ ಮನೆಯವರು ಗೇಟಿನ ಸಂದಿಯಿಂದ ತಟ್ಟೆ ತಳ್ಳಿದಾಗ ಊಟ. ಅದು ಮೊದಲ ಎರಡು ದಿನ ತಟ್ಟೆ ಮುಟ್ಟುವುದಿಲ್ಲ, ಮೂರನೇ ದಿನ ಬೀದಿಯಲ್ಲಿ ಹೋಗುವ ಪ್ರತಿ ಕಾರಿಗೂ ಕಿವಿ ನಿಮಿರಿಸಿ ಕೂರುತ್ತದೆ. ಇಷ್ಟೆಲ್ಲ ಒಂದು ಸೀಟಿಗಾಗಿ.

ಸೀಟಿನ ಚಿಂತೆ ಸುಳ್ಳೆಂದು ಹೇಳುತ್ತಿಲ್ಲ. ಸಾಲ ಮಾಡಿ ಕೊಂಡ ಕಾರು, ಅದರಲ್ಲೂ ಒಳಗೆಲ್ಲ ತಿಳಿ ಬಣ್ಣದ ಬಟ್ಟೆ ಇದ್ದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ನಾಯಿಯಿಂದ ಕಾರು ಗಲೀಜಾಗುವುದು ಎರಡು ರೀತಿ. ಕೂದಲು, ಕೆಸರು, ವಾಸನೆ ಅದರ ಮೈಯಿಂದ ಬರುತ್ತವೆ. ಜೊಲ್ಲು, ವಾಂತಿ, ಮೂತ್ರ, ಬಾಗಿಲಿನ ಮೇಲಿನ ಪರಚು ಗೀರು ಬಹಳ ಮಟ್ಟಿಗೆ ಅದರ ಭಯ ಮತ್ತು ಸಂಕಟದಿಂದ ಬರುತ್ತವೆ. ಮೊದಲನೆಯದಕ್ಕೆ ಒಂದು ಹೊದಿಕೆ ಸಾಕು. ಎರಡನೆಯದಕ್ಕೆ ಎಂಥ ದುಬಾರಿ ಸೀಟ್ ಕವರ್ ತಂದರೂ ಪ್ರಯೋಜನವಿಲ್ಲ, ನಾಯಿಯನ್ನೇ ಸಮಾಧಾನದಲ್ಲಿ ಇಡಬೇಕು.

ಕಾರು ಅಂದ್ರೆ ಇಂಜೆಕ್ಷನ್ನಾ?

ನಮ್ಮ ಮನೆಗಳ ಹೆಚ್ಚಿನ ನಾಯಿಗಳು ಕಾರು ಹತ್ತುವುದು ವರ್ಷಕ್ಕೊಮ್ಮೆ, ಲಸಿಕೆ ಹಾಕಿಸುವ ದಿನ. ಕಾರಿನ ಬಾಗಿಲು ತೆರೆದರೆ ಅದಕ್ಕೆ ಕಾಣುವುದು ಸೂಜಿಯೇ. ಅಂಥ ನಾಯಿಯನ್ನು ಒಮ್ಮೆಲೇ ಆರು ಗಂಟೆಯ ಪ್ರಯಾಣಕ್ಕೆ ಕೂರಿಸಿದರೆ ಅದು ಬಾಗಿಲು ಪರಚದೆ ಇನ್ನೇನು ಮಾಡೀತು ಹೇಳಿ?

ಆದ್ದರಿಂದ ತಯಾರಿ ಎರಡು ಮೂರು ವಾರ ಮುಂಚೆಯೇ ಶುರುವಾಗಲಿ. ಮೊದಲು ಎಂಜಿನ್ ಚಾಲೂ ಮಾಡದೆ, ಬಾಗಿಲು ತೆರೆದಿಟ್ಟು ಹಿಂದಿನ ಸೀಟಿನಲ್ಲಿ ಕೂರಿಸಿ, ಒಂದು ಬಿಸ್ಕತ್ತು ಕೊಟ್ಟು ಇಳಿಸಿ. ನಾಲ್ಕು ದಿನ ಇದೇ ಆಟ. ಆಮೇಲೆ ಎಂಜಿನ್ ಚಾಲೂ ಮಾಡಿ ನಿಂತಲ್ಲೇ ಐದು ನಿಮಿಷ. ಮುಂದೆ ಬೀದಿ ಕೊನೆಯವರೆಗೆ, ಆಮೇಲೆ ಪಾರ್ಕಿನವರೆಗೆ. ಹೋಗಿ ತಲುಪಿದ ಜಾಗದಲ್ಲಿ ಅದಕ್ಕೆ ಖುಷಿಯಾಗುವಂಥದ್ದು ಏನಾದರೂ ಇರಬೇಕು, ಮುಖ್ಯ ಅದೇ. ಒಂದು ವರ್ಷದೊಳಗಿನ ಮರಿಗಳಿಗೆ ಕಾರಿನಲ್ಲಿ ಹೊಟ್ಟೆ ತೊಳಸುವುದು ಜಾಸ್ತಿ. ಬೆಳೆದಂತೆ ಎಷ್ಟೋ ನಾಯಿಗಳಿಗೆ ಇದು ತಾನಾಗಿ ಬಿಟ್ಟುಹೋಗುತ್ತದೆ. ಅಷ್ಟರೊಳಗೆ ವಾಂತಿ ಮಾಡಿದ್ದಕ್ಕೆ ಗದರಿ, ಒಂದು ಪೆಟ್ಟು ಕೊಟ್ಟು ಕಾರೆಂದರೆ ಹೆದರುವಂತೆ ಮಾಡಿಬಿಟ್ಟರೆ ಆಮೇಲೆ ಸರಿಪಡಿಸುವುದು ಕಷ್ಟ.

ಜಮಖಾನದ ತೊಟ್ಟಿಲು

ಅಂಗಡಿಗಳಲ್ಲಿ ನಾಯಿಗೆಂದೇ ಸೀಟ್ ಕವರ್ ಸಿಗುತ್ತವೆ, ಚೆನ್ನಾಗಿಯೂ ಇರುತ್ತವೆ. ಆದರೆ ವರ್ಷಕ್ಕೆರಡು ಸಲ ಊರಿಗೆ ಹೋಗುವವರಿಗೆ ಮನೆಯ ಸಾಮಾನೇ ಸಾಕು ಎನ್ನುವುದು ನನ್ನ ಅಭಿಪ್ರಾಯ. ಬೇಕಾದ್ದು ಒಂದು ಹಳೆಯ ಜಮಖಾನ, ಮಗುವಿಗೆ ಹಾಸುವಂಥ ರಬ್ಬರ್ ಶೀಟು, ನಾಲ್ಕು ಗಟ್ಟಿ ಲಾಡಿ. ರಬ್ಬರ್ ಶೀಟು ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ.

ಜಮಖಾನದ ನಾಲ್ಕು ಮೂಲೆಗೂ ಲಾಡಿ ಹೊಲಿದು ಎರಡನ್ನು ಮುಂದಿನ ಸೀಟುಗಳ ಹೆಡ್‌ರೆಸ್ಟಿಗೆ, ಎರಡನ್ನು ಹಿಂದಿನ ಹೆಡ್‌ರೆಸ್ಟಿಗೆ ಕಟ್ಟಿ. ನಡುವೆ ತೊಟ್ಟಿಲಿನಂತೆ ಜೋತು ಬೀಳುತ್ತದೆ. ಸೀಟು ಮಾತ್ರವಲ್ಲ, ಮುಂದಿನ ಸೀಟಿನ ಬೆನ್ನು, ಕೆಳಗಿನ ಮ್ಯಾಟು ಎಲ್ಲಕ್ಕೂ ರಕ್ಷಣೆ. ಬ್ರೇಕ್ ಹಾಕಿದಾಗ ನಾಯಿ ಕಾಲಿಡುವ ಸಂದಿಗೆ ಜಾರದಂತೆ ಆ ಜಾಗದಲ್ಲಿ ಒಂದು ಮೆತ್ತನೆಯ ಬ್ಯಾಗು ತುರುಕಿ. ರಬ್ಬರ್ ಶೀಟನ್ನು ಜಮಖಾನದ ಅಡಿಗೆ, ಸೀಟಿನ ಮೇಲೆ ಹಾಸಬೇಕು. ಮೇಲೆ ಹಾಸಿದರೆ ನಾಯಿಗೆ ಕಾಲು ಜಾರುತ್ತದೆ, ಜಾರಿದ ನಾಯಿ ಉಗುರಿಳಿಸಿ ಹಿಡಿದುಕೊಳ್ಳುತ್ತದೆ, ಶೀಟೂ ಹೋಯಿತು ಸೀಟೂ ಹೋಯಿತು. ಜಮಖಾನದ ಒರಟು ನೇಯ್ಗೆ ಕಾಲಿಗೆ ಹಿಡಿತ ಕೊಡುತ್ತದೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಮಿಂಚಿದ ನಮ್ಮ ಮುಧೋಳ ನಾಯಿಯಂಥ ಎಲುಬು ಮೈಯವಕ್ಕೆ ಒಂದು ಹಳೆಯ ಕೌದಿಯನ್ನೂ ಹಾಕಿ, ಪಾಪ.

ರೆಕ್ಸಿನ್ ಸೀಟಾದರೆ ‘ಒರೆಸಿದ್ರೆ ಹೋಗತ್ತೆ’ ಎಂದು ಹೊದಿಕೆಯಿಲ್ಲದೆ ಕೂರಿಸುವವರಿದ್ದಾರೆ. ಕೂದಲು, ಜೊಲ್ಲು ಹೋಗುತ್ತದೆ ನಿಜ. ಉಗುರಿನ ಗೀರು ಹೋಗುವುದಿಲ್ಲ. ಉಗುರನ್ನು ಹೊರಡುವ ಹಿಂದಿನ ದಿನ ಕತ್ತರಿಸಬೇಡಿ, ಆಗಷ್ಟೇ ಕತ್ತರಿಸಿದ ಉಗುರು ಇನ್ನೂ ಹರಿತ. ನಾಲ್ಕೈದು ದಿನ ಮುಂಚೆ ಕತ್ತರಿಸಿ ರಸ್ತೆಯಲ್ಲಿ ಓಡಾಡಿಸಿದರೆ ಅಂಚು ಸವೆದು ನಯವಾಗುತ್ತದೆ. ಸ್ನಾನವೂ ಅಷ್ಟೆ, ಎರಡು ದಿನ ಮುಂಚೆ. ಹೊರಡುವ ಬೆಳಿಗ್ಗೆ ಮೀಯಿಸಿದರೆ ಒದ್ದೆ ನಾಯಿಯ ವಾಸನೆ ಊರು ಮುಟ್ಟುವವರೆಗೂ ಜೊತೆಗಿರುತ್ತದೆ! ಹಿಂದಿನ ಸಂಜೆ ಅರ್ಧ ಗಂಟೆ ಕೂತು ಚೆನ್ನಾಗಿ ಬಾಚಿ. ಅಂಗಳದಲ್ಲಿ ಉದುರಿದ ಕೂದಲು ಕಾರಿನಲ್ಲಿ ಉದುರುವುದಿಲ್ಲ.

ಹೊದಿಕೆಯ ವಿಷಯದಲ್ಲಿ ಎರಡು ಎಚ್ಚರಿಕೆ. ಕೆಲವು ಕಾರುಗಳಲ್ಲಿ ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಇರುತ್ತದೆ. ಆ ಭಾಗವನ್ನು ಬಿಗಿಯಾಗಿ ಮುಚ್ಚುವ ಕವರ್ ಹೊಲಿಸಬೇಡಿ. ಇನ್ನು ಸೀಟ್ ಬೆಲ್ಟಿನ ಕೊಂಡಿ ಹೊರಬರಲು ಜಮಖಾನದಲ್ಲಿ ಸೀಳು ಬಿಡಿ. ಯಾಕೆಂದರೆ ನಾಯಿಗೂ ಬೆಲ್ಟ್ ಬೇಕು. ಕುತ್ತಿಗೆ ಪಟ್ಟಿಗೆ ಬೆಲ್ಟ್ ಸಿಕ್ಕಿಸಿದರೆ ಜೋರು ಬ್ರೇಕಿಗೆ ಕತ್ತು ಮುರಿದೀತು. ಎದೆ ಬಳಸಿ ಹಾಕುವ ಹಾರ್ನೆಸ್ ತಂದು, ಅದಕ್ಕೆ ಗಿಡ್ಡನೆಯ ಹಗ್ಗ ಸಿಕ್ಕಿಸಿ ಬೆಲ್ಟಿನ ಕೊಂಡಿಗೆ ಸೇರಿಸಿ. ಎದ್ದು ನಿಂತು ಮಲಗುವಷ್ಟು ಸಡಿಲ ಇರಲಿ, ಬಾಗಿಲು ಪರಚುವಷ್ಟು ಬೇಡ. ನಾಯಿಗೂ ಕ್ಷೇಮ, ಬಾಗಿಲಿಗೂ ಕ್ಷೇಮ. ಮುಂದಿನ ಸೀಟಿನಲ್ಲಿ, ಓಡಿಸುವವರ ತೊಡೆಯ ಮೇಲೆ ಖಂಡಿತ ಬೇಡ. ಕಿಟಕಿಯ ಗುಂಡಿಗಳನ್ನು ಲಾಕ್ ಮಾಡಿಡಿ. ಕಿಟಕಿಯಿಂದ ತಲೆ ಹಾಕಿದ ನಾಯಿ ತನ್ನ ಕಾಲಿನಿಂದಲೇ ಗುಂಡಿ ಒತ್ತಿಕೊಂಡು ಗಾಜಿಗೆ ಸಿಕ್ಕಿಹಾಕಿಕೊಳ್ಳಬಹುದು.

ಘಾಟಿ ಇಳಿಯುವ ಮುನ್ನ

ಬಯಲುಸೀಮೆಯ ನೇರ ರಸ್ತೆಯಲ್ಲಿ ತೆಪ್ಪಗೆ ಮಲಗಿದ್ದ ನಾಯಿ ಘಾಟಿ ಬಂದಾಗ ಎದ್ದು ಕೂರುತ್ತದೆ. ಆಗುಂಬೆಯ ತಿರುವುಗಳಲ್ಲಿ ನಮಗೇ ನಿಂಬೆಹಣ್ಣು ಮೂಸುವ ಹಾಗಾಗುತ್ತದೆ, ಅದರ ಪಾಡೇನು! ವಾಂತಿ ಹೇಳದೆ ಕೇಳದೆ ಬರುವುದಿಲ್ಲ. ಮೊದಲು ಜೊಲ್ಲು ಸುರಿಯುತ್ತದೆ, ಪದೇ ಪದೇ ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಇಲ್ಲದಿದ್ದರೂ ಆಕಳಿಸುತ್ತದೆ, ಕುಂಯ್‌ಗುಡುತ್ತದೆ. ಇದು ಕಂಡ ಕೂಡಲೇ ಕಾರು ನಿಲ್ಲಿಸಬಹುದಾದ ಜಾಗ ನೋಡಿ ಇಳಿಸಿದರೆ ಅರ್ಧ ಸಲವಾದರೂ ಸೀಟು ಬಚಾವ್. ಹಿಂದೆ ಕೂತ ಮಕ್ಕಳಿಗೆ ಈ ಲಕ್ಷಣಗಳನ್ನು ಹೇಳಿಕೊಟ್ಟು ಕಾವಲಿಗೆ ಹಾಕಿ, ಅವರು ನಮಗಿಂತ ಚುರುಕು.

ಹೊರಡುವ ಮೂರು ನಾಲ್ಕು ಗಂಟೆ ಮೊದಲೇ ಅದರ ಊಟ ಮುಗಿದಿರಬೇಕು. ನೀರು ಮಾತ್ರ ಕಡಿಮೆ ಮಾಡಬೇಡಿ, ಸ್ವಲ್ಪ ಸ್ವಲ್ಪವಾಗಿ ಕೊಡುತ್ತಿರಿ. ಚಾರ್ಮಾಡಿ ಇಳಿಯುವವರು ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸುತ್ತೀರಲ್ಲ, ಆಗ ಅದನ್ನೂ ಹತ್ತು ನಿಮಿಷ ಹಗ್ಗ ಹಿಡಿದು ಓಡಾಡಿಸಿ, ಮೂತ್ರ ಮಾಡಿಸಿ. ‘ಪಾಪ, ನೋಡ್ತಾ ಇದೆ’ ಎಂದು ದೋಸೆ ಹಾಕಬೇಡಿ. ಹಾಕಿದ ದೋಸೆ ಮೂರನೇ ತಿರುವಿನಲ್ಲಿ ವಾಪಸ್ ಬರುತ್ತದೆ! ಮನುಷ್ಯರ ವಾಂತಿ ಮಾತ್ರೆಯನ್ನು ಅರ್ಧ ಮಾಡಿ ಕೊಡುವುದೂ ಬೇಡ. ನಾಯಿಗಳಿಗೆಂದೇ ಔಷಧಿ ಇದೆ, ಪಶುವೈದ್ಯರು ತೂಕ ನೋಡಿ ಬರೆದುಕೊಡುತ್ತಾರೆ.

ನೀವು ತಿಂಡಿಗೆ ಇಳಿದಾಗ ‘ಅದು ಕಾರಲ್ಲೇ ಇರ್ಲಿ ಬಿಡು, ಐದೇ ನಿಮಿಷ’ ಅನ್ನುತ್ತಾರೆ ಮನೆಯವರು. ಈ ಮಾತಿಗೆ ಮಾತ್ರ ಒಪ್ಪಬೇಡಿ. ಹೊರಗೆ 30 ಡಿಗ್ರಿ ಇದ್ದರೆ ನಿಂತ ಕಾರಿನೊಳಗೆ ಹತ್ತು ನಿಮಿಷಕ್ಕೇ 40 ಡಿಗ್ರಿಯ ಹತ್ತಿರ ಹೋಗುತ್ತದೆ, ಕಿಟಕಿ ಎರಡು ಬೆರಳು ತೆರೆದಿಟ್ಟರೂ ಹೆಚ್ಚೇನೂ ವ್ಯತ್ಯಾಸವಾಗದು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕಿ ತೇಕಿಯೇ ಅದು ಮೈ ತಂಪು ಮಾಡಿಕೊಳ್ಳಬೇಕು. ಬಿಸಿಗಾಳಿಯಲ್ಲಿ ಎಷ್ಟು ತೇಕಿದರೂ ಉಪಯೋಗವಿಲ್ಲ. ಒಬ್ಬರು ಹೊರಗೆ ನೆರಳಲ್ಲಿ ಅದರ ಜೊತೆ ನಿಂತು, ಸರದಿಯಲ್ಲಿ ತಿಂಡಿ ತಿನ್ನಿ. ಆ ಸರದಿಯಲ್ಲಿ ಯಾವಾಗಲೂ ಕೊನೆಯವರು ನೀವೇ ಆಗಬೇಕಾಗಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಕೆಸರು, ಉಂಬಳ, ಉಣುಗು

ಮಳೆಗಾಲದ ಮಲೆನಾಡಿಗೆ ಹೋಗುವವರು ಡಿಕ್ಕಿಯಲ್ಲಿ ಒಂದು ಕ್ಯಾನ್ ನೀರು, ಒಂದು ಮಗ್ಗು, ಎರಡು ಹಳೆಯ ಟವೆಲ್ ಇಡಲೇಬೇಕು. ಕಾರು ಹತ್ತಿಸುವ ಮುಂಚೆ ಒಂದೊಂದೇ ಪಾದ ಮಗ್ಗಿನಲ್ಲಿ ಅದ್ದಿ ಒರೆಸಿ. ಬೆರಳ ಸಂದಿ ಬಿಡಿಸಿ ನೋಡಿ, ಉಂಬಳ ಕೂತಿರುವುದು ಅಲ್ಲೇ. ಅದನ್ನು ಕಿತ್ತ ಮೇಲೂ ರಕ್ತ ಸುಲಭಕ್ಕೆ ನಿಲ್ಲುವುದಿಲ್ಲ, ಕಚ್ಚುವಾಗ ರಕ್ತ ಹೆಪ್ಪುಗಟ್ಟದ ರಸವನ್ನು ಅದು ಬಿಟ್ಟಿರುತ್ತದೆ. ಗಾಯದ ಮೇಲೆ ಬಟ್ಟೆ ಒತ್ತಿ ಹಿಡಿದು, ರಕ್ತ ನಿಂತ ಮೇಲೆಯೇ ಹತ್ತಿಸಿ.

ಉಣುಗಿನ ವಿಷಯ ಇನ್ನೂ ಗಂಭೀರ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಮನುಷ್ಯರಿಗೆ ಹರಡುವುದು ಉಣುಗಿನ ಕಡಿತದಿಂದ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ. ನಾಯಿ ಕಾಡಂಚಿನ ತರಗೆಲೆಯಲ್ಲಿ ಹೊರಳಾಡಿ ಬಂದು ಸೀಟಿನಲ್ಲಿ ಕೂತರೆ ಅದರ ಮೈಯ ಉಣುಗು ನಿಮ್ಮ ಮಕ್ಕಳ ಮಗ್ಗುಲಲ್ಲಿ! ಉಣುಗು ಹತ್ತದ ಔಷಧಿಯನ್ನು ಹೊರಡುವ ಮುಂಚೆಯೇ ಪಶುವೈದ್ಯರಿಂದ ಹಾಕಿಸಿ. ಊರಲ್ಲಿ ಅದನ್ನು ಕಾಡಿನ ಕಡೆ ಬಿಡಬೇಡಿ. ವಾಪಸ್ ಹೊರಡುವಾಗ ಕಿವಿಯೊಳಗೆ, ಕಂಕುಳಲ್ಲಿ, ಬಾಲದ ಬುಡದಲ್ಲಿ ಹುಡುಕಿ. ಸಿಕ್ಕರೆ ಬರಿಗೈಯಲ್ಲಿ ಹೊಸಕಬೇಡಿ. ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೆಟ್ಟಗೆ ಎಳೆಯಿರಿ.

ಆಗೋದು ಆಗೇ ಹೋಯ್ತಾ?

ಇಷ್ಟೆಲ್ಲ ಮಾಡಿಯೂ ಸೀಟಿಗೆ ಬಿದ್ದರೆ ಕೂಡಲೇ ತಿಕ್ಕಲು ಹೋಗಬೇಡಿ. ತಿಕ್ಕಿದಷ್ಟೂ ಅದು ಬಟ್ಟೆ ದಾಟಿ ಒಳಗಿನ ಸ್ಪಂಜಿಗೆ ಇಳಿಯುತ್ತದೆ, ವಾಸನೆ ಮನೆ ಮಾಡುವುದು ಅಲ್ಲೇ. ವಾಂತಿಯಾದರೆ ಗಟ್ಟಿ ಭಾಗವನ್ನು ರಟ್ಟಿನ ಚೂರಿನಿಂದ ಎತ್ತಿ, ಉಳಿದದ್ದರ ಮೇಲೆ ಒಣಬಟ್ಟೆ ಒತ್ತಿ. ಮೂತ್ರವಾದರೆ ಹಳೇ ಪೇಪರಿನ ದಪ್ಪ ಮಡಿಕೆ ಇಟ್ಟು ಭಾರ ಹಾಕಿ, ತೇವ ಹೀರುವುದು ನಿಲ್ಲುವವರೆಗೂ ಪೇಪರ್ ಬದಲಿಸಿ. ನಂತರ ತಣ್ಣೀರಿನ ಬಟ್ಟೆ. ಬಿಸಿನೀರು ಬೇಡವೇ ಬೇಡ, ರಕ್ತ, ಹಾಲು, ಮೊಟ್ಟೆಯ ಕಲೆ ಬಿಸಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ.

ಮೂತ್ರದ ವಾಸನೆಗೆ ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಸೇರಿಸಿ, ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ಬಣ್ಣ ಬಿಡುವುದಿಲ್ಲ ಎಂದು ಖಾತ್ರಿಯಾದ ಮೇಲೆ ಒರೆಸಿ. ಚರ್ಮದ ಸೀಟಿಗೆ ಇದು ಬೇಡ. ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ವ್ಯಾಕ್ಯೂಮ್ ಮಾಡಿ. ಎರಡನ್ನೂ ಒಟ್ಟಿಗೆ ಸುರಿದರೆ ಬುಸ್ಸೆಂದು ನೊರೆ ಬರುತ್ತದೆ ಅಷ್ಟೇ, ಒಂದರ ಗುಣವನ್ನು ಇನ್ನೊಂದು ಕೆಡಿಸುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ ಸಾಕುಪ್ರಾಣಿಗಳ ಅಂಗಡಿಯಲ್ಲಿ ಎನ್‌ಜೈಮ್ ಇರುವ ಕ್ಲೀನರ್ ಕೇಳಿ. ಫಿನಾಯಿಲ್ ಹಾಕಬೇಡಿ. ನಾಯಿ ಕೂತಲ್ಲೇ ನೆಕ್ಕುವ ಪ್ರಾಣಿ, ಅದರ ಹೊಟ್ಟೆಗೆ ಹೋಗುವುದು ಒಳ್ಳೆಯದಲ್ಲ. ವಾಸನೆಗೆಂದು ಸೀಟಿನಡಿ ನುಸಿಗುಳಿಗೆ ಇಡುವವರಿದ್ದಾರೆ, ಅದಂತೂ ನಾಯಿಗೆ ವಿಷ. ಅಮೋನಿಯಾ ಇರುವ ಕ್ಲೀನರಿನ ವಾಸನೆ ನಾಯಿಯ ಮೂಗಿಗೆ ಮೂತ್ರದಂತೆಯೇ ಬಡಿಯಬಹುದು, ಮತ್ತೆ ಅದೇ ಜಾಗದಲ್ಲಿ ಕಾಲೆತ್ತೀತು!

ಕೂದಲಿಗೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಸಾಕು. ತುಸು ಒದ್ದೆ ಮಾಡಿ ಒಂದೇ ದಿಕ್ಕಿಗೆ ಸವರಿದರೆ ಕೂದಲು ಉಂಡೆಯಾಗಿ ಬರುತ್ತದೆ. ಲ್ಯಾಬ್ರಡಾರ್, ಪಗ್‌ಗಳ ಗಿಡ್ಡ ಕೂದಲು ಸೂಜಿಯಂತೆ ಬಟ್ಟೆಗೆ ಚುಚ್ಚಿಕೊಂಡಿರುವುದರಿಂದ ಅವಕ್ಕೆ ತಾಳ್ಮೆ ಬೇಕು. ಎಲ್ಲ ತೆಗೆದರೂ ಎ.ಸಿ. ಹಾಕಿದಾಗ ವಾಸನೆ ಬಂದರೆ ಎ.ಸಿ. ಫಿಲ್ಟರಿನಲ್ಲಿ ಕೂದಲು ಕೂತಿರಬಹುದು, ಸರ್ವಿಸ್ ಮಾಡಿಸುವಾಗ ತೆಗೆದು ನೋಡಲು ಹೇಳಿ.

ಜಮಖಾನವನ್ನು ಹೊರಗೆ ಚೆನ್ನಾಗಿ ಕೊಡವಿ, ಬೇರೆ ಬಟ್ಟೆಯ ಜೊತೆ ಸೇರಿಸದೆ ಒಗೆದು ಬಿಸಿಲಲ್ಲಿ ಒಣಗಿಸಿ. ಘಮಘಮ ಪುಡಿ, ಕಂಫರ್ಟು ಬೇಡ. ಮುಂದಿನ ಪ್ರಯಾಣಕ್ಕೆ ಎರಡು ರಾತ್ರಿ ಮೊದಲು ಅದನ್ನು ಟಾಮಿ ಮಲಗುವ ಜಾಗದಲ್ಲೇ ಹಾಸಿಬಿಡಿ. ತನ್ನ ವಾಸನೆ ಹತ್ತಿದ ಹಾಸಿಗೆ ಕಾರಿನಲ್ಲಿದ್ದರೆ ಅದು ಹತ್ತಿ ಒಂದು ಸುತ್ತು ತಿರುಗಿ, ಮುದುರಿ ಮಲಗಿಬಿಡುತ್ತದೆ.