ನಿಮಗಿದು ಗೊತ್ತೆ? ಟಿವಿ ಚಿತ್ರ ತಿದ್ದುವುದಕ್ಕೂ ಡಿಸ್ಕ್ ಇದೆ!

ಅಂಗಡಿಯ ಝಗಮಗ ಬೆಳಕಿನಲ್ಲಿ ಎದ್ದು ಕಾಣಲೆಂದು ಇಟ್ಟ ‘ವಿವಿಡ್’ ಮೋಡ್‌ನಲ್ಲೇ ಅನೇಕರ ಮನೆಯ ಟಿವಿ ವರ್ಷಗಟ್ಟಲೆ ಓಡುತ್ತಿರುತ್ತದೆ. ಮುಖಗಳು ಕೆಂಪೇರಿ, ಬಿಳಿ ಅಂಗಿ ನೀಲಿಗಟ್ಟಿರುತ್ತದೆ. ಇದನ್ನು ಸರಿಪಡಿಸಲೆಂದೇ ಕ್ಯಾಲಿಬ್ರೇಷನ್ ಡಿಸ್ಕ್‌ಗಳಿವೆ. ಅಮೆರಿಕದ ಜೋ ಕೇನ್ 1989ರಲ್ಲೇ ಲೇಸರ್ ಡಿಸ್ಕ್‌ನಲ್ಲಿ ಇಂಥದ್ದೊಂದನ್ನು ತಂದಿದ್ದರು.

ಈ ಡಿಸ್ಕ್‌ಗಳಲ್ಲಿ ‘ಪ್ಲೂಜ್’ ಎಂಬ ಪರೀಕ್ಷಾ ಚಿತ್ರವಿರುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಕಪ್ಪು ಪಟ್ಟಿಗಳು: ಒಂದು ಹಿನ್ನೆಲೆಗಿಂತ ಕೂದಲೆಳೆಯಷ್ಟು ತಿಳಿ, ಇನ್ನೊಂದು ಹಿನ್ನೆಲೆಗಿಂತಲೂ ಗಾಢ. ಗಾಢ ಪಟ್ಟಿ ಪೂರ್ತಿ ಮರೆಯಾಗಿ, ತಿಳಿ ಪಟ್ಟಿ ಮಾತ್ರ ಮಸುಕಾಗಿ ಕಾಣುವಂತೆ ಬ್ರೈಟ್‌ನೆಸ್ ಹೊಂದಿಸಬೇಕು. ಹೌದು, ಬಹುತೇಕ ಟಿವಿಗಳಲ್ಲಿ ಬ್ರೈಟ್‌ನೆಸ್ ನಿರ್ಧರಿಸುವುದು ಕಪ್ಪಿನ ಮಟ್ಟವನ್ನು! ಬಿಳಿಯ ಮಟ್ಟ ಕಾಂಟ್ರಾಸ್ಟ್‌ನ ಕೆಲಸ.

ಯಾವ ಡಿಸ್ಕ್ ಕೊಳ್ಳಬೇಕು? ಡಿವಿಡಿ ಮತ್ತು ಎಚ್‌ಡಿಯ ಬಣ್ಣದ ಮಾನದಂಡವೇ ಬೇರೆ. ಹಾಗಾಗಿ ಎಚ್‌ಡಿ ಟಿವಿಗೆ ಬ್ಲೂ-ರೇ, 4ಕೆ ಎಚ್‌ಡಿಆರ್‌ಗೆ ಅಲ್ಟ್ರಾ ಎಚ್‌ಡಿ ಡಿಸ್ಕ್ ಬೇಕು. ಎರಡರಲ್ಲೂ ‘ಸ್ಪಿಯರ್ಸ್ ಆ್ಯಂಡ್ ಮನ್ಸಿಲ್’ ಹೆಸರುವಾಸಿ. ದುಡ್ಡು ಹಾಕಲು ಮನಸ್ಸಿಲ್ಲದವರಿಗೆ ‘ಎವಿಎಸ್ ಎಚ್‌ಡಿ 709’ ಉಚಿತ, ಅದೂ ಒಳ್ಳೆಯದೇ.

ಟಿವಿ ಅರ್ಧ ಗಂಟೆ ಓಡಿದ ಮೇಲೆ, ನೀವು ದಿನವೂ ಸಿನಿಮಾ ನೋಡುವ ಬೆಳಕಿನಲ್ಲೇ ಹೊಂದಿಸಿ.