ಮೂಕವಾದ ಮುದ್ರಣಯಂತ್ರ

ಯಂತ್ರಗಳು ಕೆಡುವುದು ಸಹಜ. ಆದರೆ ಕೆಟ್ಟ ಯಂತ್ರವೆಲ್ಲ ಸತ್ತ ಯಂತ್ರವಲ್ಲ. ನಮ್ಮಂತಹ ಸರ್ಕಾರಿ ಕಾಲೇಜಿನಲ್ಲಿ ಈ ಭೇದವನ್ನು ಅರಿತಿರುವುದು ಅವಶ್ಯಕ. ಇಲ್ಲಿ ಒಂದು ಪ್ರಿಂಟರ್ ಮೂಲೆ ಸೇರಿದರೆ ಅದರ ಜಾಗಕ್ಕೆ ಇನ್ನೊಂದು ಬರಲು ಅರ್ಜಿ, ಟಿಪ್ಪಣಿ, ಮಂಜೂರಾತಿಗಳೆಂಬ ಮೂರು ಹೊಳೆಗಳನ್ನು ದಾಟಬೇಕು. ಅಷ್ಟರಲ್ಲಿ ನಮ್ಮ ಪರೀಕ್ಷೆಯೇ ಮುಗಿದಿರುತ್ತದೆ! ಗುಂಡಿ ಒತ್ತಿದರೂ ದೀಪ ಬೆಳಗದ ಇಂಕ್‌ಜೆಟ್ ಪ್ರಿಂಟರನ್ನು ಹೇಗೆ ಪರೀಕ್ಷಿಸಬೇಕೆಂಬುದನ್ನು ನನ್ನ ಅಲ್ಪ ಅನುಭವದಿಂದ ಇಲ್ಲಿ ವಿವರಿಸಲು ಯತ್ನಿಸುತ್ತೇನೆ. ನಾನು ಇತಿಹಾಸದ ವಿದ್ಯಾರ್ಥಿ, ಇಂಜಿನಿಯರನಲ್ಲ. ಆದರೆ ಕಾರ್ಯದಿಂದ ಕಾರಣಕ್ಕೆ ಹಿಂದಕ್ಕೆ ನಡೆಯುವುದು ಇತಿಹಾಸದ ವಿದ್ಯಾರ್ಥಿಗೆ ಹೊಸದೇನಲ್ಲವಷ್ಟೆ.

ಮೊದಲು ಈ ಯಂತ್ರದ ಸ್ವಭಾವವನ್ನು ತಿಳಿಯೋಣ. ಇಂಕ್‌ಜೆಟ್ ಎಂದರೆ ಶಾಯಿಯನ್ನು ಸಣ್ಣ ಸಣ್ಣ ಹನಿಗಳಾಗಿ ಕಾಗದದ ಮೇಲೆ ಚಿಮ್ಮಿಸುವ ಯಂತ್ರ. ೧೯೭೭ರಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ, ಕಾದ ಬೆಸುಗೆಕಡ್ಡಿಯೊಂದು ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಗುಲಿ ಶಾಯಿ ಹೊರಕ್ಕೆ ಚಿಮ್ಮಿತೆಂದೂ, ಅದರಿಂದಲೇ ಈ ಪದ್ಧತಿಯ ಒಂದು ಬಗೆ ಹುಟ್ಟಿತೆಂದೂ ಹೇಳುತ್ತಾರೆ. ಅದರಲ್ಲಿ ಶಾಯಿಯನ್ನು ಕ್ಷಣಮಾತ್ರ ಕಾಯಿಸಿ, ಏಳುವ ಗುಳ್ಳೆಯಿಂದ ಹನಿಯನ್ನು ತಳ್ಳುತ್ತಾರೆ. ಇನ್ನೊಂದು ಬಗೆಯಲ್ಲಿ ವಿದ್ಯುತ್ತು ತಗುಲಿದೊಡನೆ ಆಕಾರ ಬದಲಿಸುವ ವಸ್ತುವೊಂದು ಹನಿಯನ್ನು ನೂಕುತ್ತದೆ. ಯಾವ ಬಗೆಯಾದರೂ ಶಾಯಿ ಚಿಮ್ಮುವ ಆ 'ಹೆಡ್' ವಿದ್ಯುತ್ತಿನಿಂದಲೇ ಕೆಲಸ ಮಾಡುತ್ತದೆ. ಈ ಮಾತು ಮುಂದೆ ಉಪಯೋಗಕ್ಕೆ ಬರುತ್ತದೆ.

ಇನ್ನು ವಿದ್ಯುತ್ತು ನಡೆಯುವ ದಾರಿ. ಗೋಡೆಯ ಸಾಕೆಟ್ಟಿನಲ್ಲಿ ೨೩೦ ವೋಲ್ಟಿನ ಪರ್ಯಾಯ ಪ್ರವಾಹವಿದೆ. ಅದು ವೈರಿನ ಮೂಲಕ ಪ್ರಿಂಟರಿನ ಪವರ್ ಸಪ್ಲೈಗೆ ಹೋಗುತ್ತದೆ. ಅಲ್ಲಿ ಇಳಿದು, ಬಹುಮಟ್ಟಿಗೆ ೨೪ರಿಂದ ೪೨ ವೋಲ್ಟಿನೊಳಗಿನ ಏಕಮುಖ ಪ್ರವಾಹವಾಗಿ ಮುಖ್ಯ ಬೋರ್ಡನ್ನು ಸೇರುತ್ತದೆ. ಬೋರ್ಡು ಅದನ್ನು ಮೋಟಾರಿಗೂ ಹೆಡ್ಡಿಗೂ ಹಂಚಿ, ತನಗೆ ಬೇಕಾದಷ್ಟನ್ನು ಇನ್ನೂ ಇಳಿಸಿಕೊಳ್ಳುತ್ತದೆ. ನಾವು ಒತ್ತುವ ಗುಂಡಿಯು ಗೋಡೆಯ ಸ್ವಿಚ್ಚಿನಂತೆ ಪ್ರವಾಹವನ್ನು ಕಡಿಯುವುದೂ ಇಲ್ಲ, ಕೂಡಿಸುವುದೂ ಇಲ್ಲ. ಅದು 'ಏಳು' ಎಂದು ಬೋರ್ಡಿಗೆ ಹೇಳಿಕಳುಹಿಸುತ್ತದೆ, ಅಷ್ಟೆ. ಮಲಗಿರುವಾಗಲೂ ಬೋರ್ಡಿಗೆ ಅಲ್ಪಸ್ವಲ್ಪ ವಿದ್ಯುತ್ತು ಸಿಗುತ್ತಿದ್ದರೆ ಮಾತ್ರ ಆ ಮಾತು ಅದಕ್ಕೆ ಕೇಳಿಸುತ್ತದೆ. ಆದುದರಿಂದ ಗುಂಡಿ ಒತ್ತಿ ದೀಪ ಬರಲಿಲ್ಲವೆಂದರೆ ದಾರಿಯ ಯಾವ ಘಟ್ಟದಲ್ಲಾದರೂ ತಡೆಯಿರಬಹುದು. ಗೋಡೆಯಿಂದ ಹೊರಟು ಒಂದೊಂದೇ ಘಟ್ಟವನ್ನು ನೋಡುತ್ತ ಬರುವುದೇ ಸರಿಯಾದ ಕ್ರಮ.

ಕಳೆದ ಮೇ ತಿಂಗಳಲ್ಲಿ, ಗುಡುಗುಮಳೆಯ ಮರುದಿನ, ನಮ್ಮ ವಿಭಾಗದ ಪ್ರಿಂಟರ್ ಮೂಕವಾಯಿತು. ಅಂತಿಮ ವರ್ಷದ ೨೨ ಮಂದಿ ಕಿರುಪ್ರಬಂಧ ಒಪ್ಪಿಸಲು ನಾಲ್ಕು ದಿನ ಉಳಿದಿತ್ತು. ಅರವತ್ತು ಪುಟಗಳನ್ನು ಪೇಟೆಯಲ್ಲಿ ಪ್ರಿಂಟ್ ಹಾಕಿಸಬೇಕೆಂದರೆ ಹಳ್ಳಿಯಿಂದ ಬರುವ ಕೆಲವರು ಊಟದ ಹಣಕ್ಕೇ ಕೈಹಾಕಬೇಕು. ರಿಪೇರಿ ಅಂಗಡಿಯವರು ಮುಚ್ಚಳವನ್ನೂ ತೆರೆಯದೆ, "ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಎಂದುಬಿಟ್ಟರು. ಅಧ್ಯಾಪಕರ ಒಪ್ಪಿಗೆ ಪಡೆದು ನಾವೇ ಪರೀಕ್ಷೆಗೆ ತೊಡಗಿದೆವು.

ಮೊದಲನೆಯದಾಗಿ, ಎಕ್ಸ್‌ಟೆನ್ಷನ್ ಬಾಕ್ಸನ್ನು ಬಿಟ್ಟು ಗೋಡೆಯ ಸಾಕೆಟ್ಟಿಗೆ ಒಂದು ಮೇಜಿನ ದೀಪವನ್ನು ಹಾಕಿದೆವು. ದೀಪ ಉರಿಯಿತು, ಗೋಡೆ ನಿರಪರಾಧಿ. ಎರಡನೆಯದು ವೈರು. ಅನೇಕ ಪ್ರಿಂಟರುಗಳ ವೈರು ಹಳೆಯ ಟೇಪ್‌ರೆಕಾರ್ಡರಿನ ಎರಡು ರಂಧ್ರದ ವೈರಿನಂಥದೇ. ಮಡಚಿ ಮಡಚಿ ಒಳಗಿನ ತಂತಿ ತುಂಡಾಗಿದ್ದರೂ ಹೊರಗೆ ಕಾಣುವುದಿಲ್ಲ. ಅಟೆಂಡರ್ ಅಣ್ಣ ತಮ್ಮ ಮನೆಯ ಟೇಪ್‌ರೆಕಾರ್ಡರಿನ ವೈರನ್ನು ತಂದುಕೊಟ್ಟರು. ಅದರಿಂದಲೂ ಜೀವ ಬರಲಿಲ್ಲ.

ಮೂರನೆಯದು ವಿಶ್ರಾಂತಿ! ವೋಲ್ಟೇಜು ಏರುಪೇರಾದಾಗ ಪವರ್ ಸಪ್ಲೈ ತನ್ನನ್ನು ತಾನೇ ರಕ್ಷಿಸಿಕೊಳ್ಳಲು ಸ್ತಬ್ಧವಾಗುವುದುಂಟು. ಪ್ಲಗ್ಗು ಕಿತ್ತು, ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು, ಹತ್ತು ನಿಮಿಷ ಬಿಟ್ಟರೆ ಕೆಲವೊಮ್ಮೆ ಎದ್ದು ಕೂರುತ್ತದೆ. ನಮ್ಮದು ಏಳಲಿಲ್ಲ. ನಾಲ್ಕನೆಯದು ಹೆಡ್. ಅದರೊಳಗೆ ಶಾರ್ಟ್ ಆಗಿದ್ದರೆ ಇಡೀ ಯಂತ್ರವನ್ನು ಅದು ಕೆಳಕ್ಕೆ ಎಳೆಯಬಲ್ಲದು. ಬಿಚ್ಚಲು ಬರುವ ಹೆಡ್ಡಾದರೆ, ಪ್ಲಗ್ಗು ಕಿತ್ತು, ಅದನ್ನು ತೆಗೆದಿಟ್ಟು ಮತ್ತೆ ಪ್ರಯತ್ನಿಸಬೇಕು. ಆಗ ದೀಪ ಬಂದರೆ ಕಳ್ಳ ಸಿಕ್ಕಂತೆಯೇ. ನಮ್ಮಲ್ಲಿ ಅದೂ ಫಲಿಸಲಿಲ್ಲ.

ಉಳಿದದ್ದು ಪವರ್ ಸಪ್ಲೈ. ನಮ್ಮ ಪ್ರಿಂಟರಿನಲ್ಲಿ ಅದು ಹಿಂಭಾಗದಿಂದ ಹೊರಕ್ಕೆ ಬರುವ ಪುಟ್ಟ ಪೆಟ್ಟಿಗೆ. ಐ.ಟಿ.ಐ. ಓದಿದ ಗೆಳೆಯನೊಬ್ಬ ಮಲ್ಟಿಮೀಟರ್ ತಂದು, ಪೆಟ್ಟಿಗೆಯನ್ನು ಬೇರ್ಪಡಿಸಿ ಕರೆಂಟು ಕೊಟ್ಟು, ಹೊರಬರುವ ಕಡೆಯ ವೋಲ್ಟೇಜನ್ನು ಅಳೆದ. ಮುಳ್ಳು ಸೊನ್ನೆಯಿಂದ ಅಲುಗಲಿಲ್ಲ! ಅಲ್ಲಿ ವೋಲ್ಟೇಜಿದ್ದು, ಪ್ರಿಂಟರಿಗೆ ಜೋಡಿಸಿದೊಡನೆ ಕುಸಿದಿದ್ದರೆ ತಪ್ಪು ಒಳಗಿನದೆಂದು ಹೇಳಬಹುದಾಗಿತ್ತು. ಸೊನ್ನೆಯೆಂದರೆ ಪೆಟ್ಟಿಗೆಯೇ ಹೋಗಿದೆ. ಅದೇ ಮಾದರಿಯ ಪೆಟ್ಟಿಗೆಯನ್ನು ತರಿಸಿ ಕೂಡಿಸಿದೆವು. ಗುಂಡಿ ಒತ್ತಿದಾಗ ಹಸಿರು ದೀಪ ಮಿನುಗಿ, ಒಳಗಿನ ಗಾಡಿ ಕಿರ್ರೆಂದು ಸರಿಯಿತು. ಖರ್ಚಾದದ್ದು ಹೊಸ ಯಂತ್ರದ ಬೆಲೆಯ ಒಂದಂಶ ಮಾತ್ರ. ೨೨ ಪ್ರಬಂಧಗಳೂ ಗಡುವಿನೊಳಗೆ ಸಲ್ಲಿಕೆಯಾದವು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಆ ಪೆಟ್ಟಿಗೆಯ ಮುಚ್ಚಳವನ್ನು ನಮ್ಮಂಥವರು ತೆರೆಯಕೂಡದು. ಅದರೊಳಗಿನ ದೊಡ್ಡ ಕೆಪಾಸಿಟರ್ ಸುಮಾರು ೩೨೫ ವೋಲ್ಟನ್ನು ತುಂಬಿಕೊಂಡಿದ್ದು, ಪ್ಲಗ್ಗು ಕಿತ್ತ ಮೇಲೂ ಕೆಲಕಾಲ ಹಿಡಿದಿಟ್ಟಿರಬಹುದು. ಅಳೆಯುವ ಕೆಲಸವನ್ನೂ ಬಲ್ಲವರ ಕೈಗೇ ಬಿಡಬೇಕು. ಸುಟ್ಟ ವಾಸನೆ ಬಂದರೆ ಅಥವಾ ಹೊಗೆ ಕಂಡರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ ಪ್ಲಗ್ಗು ಕೀಳಬೇಕು. ಗುಡುಗು ಕೇಳಿಸಿದಾಗಲೇ ಪ್ಲಗ್ಗು ಕಿತ್ತಿಡುವುದು ಎಲ್ಲಕ್ಕಿಂತ ಅಗ್ಗದ ರಿಪೇರಿ.

ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ. ತನ್ನ ಕೈ ಎಲ್ಲಿ ನಿಲ್ಲಬೇಕೆಂಬ ಅರಿವು — ಇಷ್ಟಿದ್ದರೆ ಕಲಾ ವಿಭಾಗದ ವಿದ್ಯಾರ್ಥಿಯೂ ಯಂತ್ರದ ಎದುರು ಕೈಕಟ್ಟಿ ನಿಲ್ಲಬೇಕಾಗಿಲ್ಲ. ನಾಡಿ ಹಿಡಿಯದೆ ವೈದ್ಯನು ರೋಗಿಯನ್ನು ಸತ್ತನೆನ್ನುವುದಿಲ್ಲ. ನಮ್ಮ ಕಾಲೇಜಿನ ಮೂಲೆಗಳಲ್ಲಿ ಧೂಳು ಹಿಡಿದು ಕುಳಿತಿರುವ ಯಂತ್ರಗಳಿಗೂ ಅಷ್ಟು ನ್ಯಾಯ ಸಲ್ಲಬೇಡವೆ?